ಒಂದು ಲಕ್ಷದ ಲೆಕ್ಕ ಯಾವ ದುಡ್ಡಿಗೆ?

ಪ್ರಶ್ನೆ: 2021ರಲ್ಲಿ ಪಡುಬಿದ್ರಿ ಹತ್ತಿರ ಹೆದ್ದಾರಿಯಲ್ಲಿ ನನ್ನ ಸ್ಕೂಟರಿಗೆ ಲಾರಿ ಗುದ್ದಿ ಕಾಲು ಮುರಿಯಿತು. ಅದೇ ವರ್ಷ ಉಡುಪಿಯಲ್ಲಿ ಕೇಸು ಹಾಕಿದೆ. ಹೋದ ತಿಂಗಳು 2.40 ಲಕ್ಷ ಪರಿಹಾರಕ್ಕೆ ಆದೇಶ ಆಗಿದೆ. ನನ್ನ ಪ್ರಕಾರ 3 ಲಕ್ಷ ಸಿಗಬೇಕಿತ್ತು. ‘ಒಂದು ಲಕ್ಷದೊಳಗೆ ಅಪೀಲಿಲ್ಲ’ ಅಂತ ಒಬ್ಬರು, ‘ನಿಮ್ಮದು 2.40 ಲಕ್ಷ ಅಲ್ವಾ, ಹೋಗಬಹುದು’ ಅಂತ ಇನ್ನೊಬ್ಬರು. ಯಾರು ಸರಿ?
– ಓದುಗರೊಬ್ಬರು, ಕಾಪು

ಉತ್ತರ: ಮೊದಲನೆಯವರು ಹೇಳಿದ ಮಿತಿ ಸರಿ. ಎರಡನೆಯವರ ಲೆಕ್ಕ ತಪ್ಪು. ಮೋಟಾರು ವಾಹನ ಕಾಯ್ದೆಯ 173ನೇ ಸೆಕ್ಷನ್ ನೋಡುವುದು ಕೈಗೆ ಸಿಕ್ಕ ಪರಿಹಾರವನ್ನಲ್ಲ, ಅಪೀಲಿನಲ್ಲಿ ತಕರಾರು ಇರುವ ಮೊತ್ತವನ್ನು. ನಿಮಗೆ 2.40 ಬಂದಿದೆ, 3 ಬೇಕು. ಹಾಗಾದರೆ ಜಗಳ ಇರುವುದು ಬರೀ 60 ಸಾವಿರಕ್ಕೆ. ಈಗಿನ ಮಿತಿ ಒಂದು ಲಕ್ಷ, ಅದರೊಳಗೆ ಅಪೀಲಿಲ್ಲ. ವಿಮೆ ಕಂಪನಿಗೂ ಇದೇ ನಿಯಮ, ಅದೊಂದು ಸಮಾಧಾನ.

ಆದರೆ ನಿಮ್ಮ ಕೇಸಿನ ತಾರೀಖು ನೋಡಿ ನಾನು ಸ್ವಲ್ಪ ನಿಂತೆ. ಈ ಮಿತಿ ಮೊದಲು ಬರೀ 10 ಸಾವಿರ ಇತ್ತು. 2019ರ ತಿದ್ದುಪಡಿ ಅದನ್ನು ಒಂದು ಲಕ್ಷ ಮಾಡಿತು, ಜಾರಿಗೆ ಬಂದದ್ದು 2022ರ ಏಪ್ರಿಲ್ 1ಕ್ಕೆ. ನೀವು ಕೇಸು ಹಾಕಿದ್ದು ಅದಕ್ಕಿಂತ ಮೊದಲು. ಅಪೀಲಿನ ಹಕ್ಕು ಕೇಸು ಹಾಕಿದ ದಿನವೇ ಹುಟ್ಟುತ್ತದೆ, ಹೊಸ ಕಾನೂನು ಸ್ಪಷ್ಟವಾಗಿ ಕಿತ್ತುಕೊಳ್ಳದೆ ಅದು ಹೋಗುವುದಿಲ್ಲ ಎಂಬುದು ಹಳೆಯ ತತ್ವ. 1957ರ ಗರಿಕಪಾಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು, ಅಲ್ಲಿಯೂ ಜಗಳ ಇಂಥದ್ದೇ: ದಾವೆ ಹಾಕಿದಾಗ ಮಿತಿ 10 ಸಾವಿರ, ಅಪೀಲಿಗೆ ಹೋಗುವಷ್ಟರಲ್ಲಿ ಅದು 20 ಸಾವಿರ ಆಗಿತ್ತು. ನಿಮಗೂ ಹಳೆಯ 10 ಸಾವಿರದ ಮಿತಿಯೇ ಅನ್ವಯ, 60 ಸಾವಿರ ಅದನ್ನು ದಾಟುತ್ತದೆ ಅಂತ ನಿಮ್ಮ ವಕೀಲರು ಇದನ್ನು ಹಿಡಿದು ವಾದಿಸಬಹುದು. ಎದುರಿನವರು ಸುಮ್ನೆ ಒಪ್ಪುತ್ತಾರೆ ಅಂತ ಮಾತ್ರ ತಿಳಿಯಬೇಡಿ.

ಅದಕ್ಕಿಂತ ಮೊದಲು ಆ 3 ಲಕ್ಷ ಎಲ್ಲಿಂದ ಬಂತು ಅಂತ ಕೂತು ನೋಡಿ. ಕಾಲಿನ ಅಂಗವಿಕಲತೆಯ ಶೇಕಡಾ, ಮುಂದಿನ ಆಪರೇಷನ್ನಿನ ಖರ್ಚು, ರಜೆ ಹಾಕಿ ಕಳೆದುಕೊಂಡ ಸಂಬಳ, ಇವುಗಳಲ್ಲಿ ಏನಾದರೂ ಆದೇಶದಲ್ಲಿ ಬಿಟ್ಟುಹೋಗಿದೆಯಾ? ದಾಖಲೆ ಇದ್ದು ಕೊರತೆ ಒಂದು ಲಕ್ಷ ದಾಟಿದರೆ ಈ ಮಿತಿಯ ತಲೆನೋವೇ ಇಲ್ಲ. ಮಿತಿ ದಾಟಿಸಲೆಂದೇ ಅಂಕಿ ಉಬ್ಬಿಸಬೇಡಿ, ಜಡ್ಜಿಗೆ ಅದು ಕಂಡೇ ಕಾಣುತ್ತದೆ.

ಅಪೀಲಿಗೆ ಆದೇಶದ ದಿನದಿಂದ 90 ದಿನ ಸಮಯ, ಅದರಲ್ಲಿ ಒಂದು ತಿಂಗಳು ಆಗಲೇ ಹೋಗಿದೆ. ಅಪೀಲಿಗೆ ಹೋಗಲು 25 ಸಾವಿರ ಅಥವಾ ಪರಿಹಾರದ ಅರ್ಧ ಮೊತ್ತ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕಾದದ್ದು ಪರಿಹಾರ ಕೊಡಬೇಕಾದವರು ಅಪೀಲು ಹಾಕಿದಾಗ, ನೀವು ಹಾಕಿದಾಗ ಅಲ್ಲ. ಅಪೀಲು ಹೋಗುವುದು ಹೈಕೋರ್ಟಿಗೆ, ಉಡುಪಿಯವರಿಗೆ ಹೈಕೋರ್ಟು ಅಂದರೆ ಬೆಂಗಳೂರೇ, ಹಾಗಾಗಿ ಬಸ್ಸು, ಫೀಸು ಎಲ್ಲ ಸೇರಿಸಿ ಎಷ್ಟಾಗುತ್ತದೆ ಅಂತ ವಕೀಲರನ್ನು ಈ ವಾರವೇ ಕೇಳಿ.