ಸಂಪಾದಕರ ಉತ್ತರ: ಬೇಲಿ ದಾಟಿದ ಕೆಂಪು ನೀರು

ಯಲಹಂಕದ ಆಚೆ ಮೂರು ಎಕರೆಯಲ್ಲಿ ಲೇಔಟ್ ಮಾಡುತ್ತಿರುವ ಓದುಗರೊಬ್ಬರ ಪತ್ರ: ‘ಚರಂಡಿ, ಇಂಗುಗುಂಡಿ ಎಲ್ಲವೂ ನಕ್ಷೆಯಲ್ಲಿವೆ. ಅಮೆರಿಕದಲ್ಲಿ ಎಂಜಿನಿಯರ್ ಆಗಿರುವ ಭಾವಮೈದ ಮಾತ್ರ, ಜೆಸಿಬಿ ಇಳಿಸುವ ಮೊದಲೇ ಹೂಳು ತಡೆಯಲು ಏರ್ಪಾಡು ಮಾಡಿ ಎಂದು ಪೀಡಿಸುತ್ತಾನೆ. ಮಳೆಗೆ ಮಣ್ಣು ಕೊಚ್ಚಿ ಹೋಗುವುದೇನು ಹೊಸದೇ? ಇದು ದಂಡದ ಖರ್ಚಲ್ಲವೇ?’

ಖರ್ಚು ನಿಜ ಸ್ವಾಮಿ. ಕೆಲಸ ನಿಂತರೂ ಬಡ್ಡಿ ನಿಲ್ಲುವುದಿಲ್ಲ, ಅದೂ ನಿಜ. ಆದರೆ ಭಾವಮೈದನ ಮಾತು ಕೇಳಿ.

ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಹುಲ್ಲು, ಕುರುಚಲು ಇದ್ದ ನೆಲ ಅದರಲ್ಲಿ ಬಹಳಷ್ಟನ್ನು ಕುಡಿಯುತ್ತಿತ್ತು. ಮೇಲ್ಮಣ್ಣು ಕೆರೆದು ರೋಲರ್ ಓಡಿಸಿದ ಮೇಲೆ ನೀರು ಇಂಗದೆ, ಮಣ್ಣು ಹೊತ್ತು ಓಡುತ್ತದೆ. ಆ ನೀರನ್ನು ನಿಮ್ಮ ಹೆಮ್ಮೆಯ ಇಂಗುಗುಂಡಿಗೇ ಬಿಟ್ಟರೆ ಜಲ್ಲಿಯ ಸಂದಿನಲ್ಲಿ ಜೇಡಿ ಕೂತು, ಮೊದಲ ಮನೆಯ ಗೃಹಪ್ರವೇಶಕ್ಕೆ ಮುಂಚೆಯೇ ಗುಂಡಿ ಕೆಟ್ಟಿರುತ್ತದೆ. ಇಂಗುಗುಂಡಿ ಕೊನೆಗೆ ಮಾಡುವ ಕೆಲಸ.

ಭಾವಮೈದನ ಊರಿನಲ್ಲಿ ಒಂದು ಎಕರೆ ನೆಲ ಕೆದಕಿದರೂ ಕ್ಲೀನ್ ವಾಟರ್ ಆಕ್ಟ್ ಎಂಬ ಜಲಮಾಲಿನ್ಯ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ಮಳೆನೀರಿಗೆಂದೇ ಬರೆದ ಯೋಜನೆ ಬೇಕು. ಅಲ್ಲಿನ ಕೇಂದ್ರ ಪರವಾನಗಿಯಂತೆ ಏಳು ದಿನಕ್ಕೊಮ್ಮೆ ಸೈಟಿನ ತಪಾಸಣೆ. ಇಲ್ಲವೇ 14 ದಿನಕ್ಕೊಮ್ಮೆ ಮತ್ತು ಕಾಲು ಇಂಚು ಮಳೆಯಾದ 24 ಗಂಟೆಯೊಳಗೆ. ಹೂಳು ಇಳಿಸುವ ಕೊಳ ಕಟ್ಟುವುದಾದರೆ ಎಕರೆಗೆ 3,600 ಘನ ಅಡಿ ಎಂಬುದು ಒಂದು ಅಳತೆ. ಲೆಕ್ಕ ಹಾಕಿ, ಅದೇ ಒಂದು ಲಕ್ಷ ಲೀಟರ್.

ನಮ್ಮಲ್ಲೂ ಸಿಲ್ಟ್ ಫೆನ್ಸ್, ಅಂದರೆ ಹೂಳು ತಡೆಯುವ ಬಟ್ಟೆಯ ಬೇಲಿ, ಅಲ್ಲಲ್ಲಿ ಕಾಣುತ್ತದೆ, ಹಸಿರು ಶೇಡ್‌ನೆಟ್ಟಿನ ವೇಷದಲ್ಲಿ! ಅದು ದೂಳಿಗೂ ಸಾಲದು. ಬೇಕಾದದ್ದು ನೀರು ಬಿಟ್ಟು ಮಣ್ಣು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಆರು ಇಂಚು ಆಳದ ಕಾಲುವೆ ತೋಡಿ, ಬಟ್ಟೆಯ ಅಂಚನ್ನು ಅದರಲ್ಲಿ ಹೂತು, ಮಣ್ಣು ಗಟ್ಟಿಯಾಗಿ ದಮ್ಮಸು ಮಾಡಬೇಕು; ಅಂಚು ಹೂತಿಡದ ಬೇಲಿಯ ಅಡಿಯಲ್ಲೇ ನೀರು ನುಸುಳುತ್ತದೆ. ಗೂಟ ಇಳಿಜಾರಿನ ಕೆಳಬದಿಗಿರಲಿ. ಬೇಲಿ ಸಮಮಟ್ಟದಲ್ಲಿ ಸಾಗಿ ಎರಡು ತುದಿಯೂ ಮೇಲಕ್ಕೆ ಬಾಗಿರಲಿ, ಇಲ್ಲದಿದ್ದರೆ ನೀರು ತುದಿ ಸುತ್ತಿ ಹೋಗುತ್ತದೆ. ಹೂಳು ಅರ್ಧ ಎತ್ತರ ಮುಟ್ಟುವ ಮೊದಲೇ ತೆಗೆಸಿ. ಹಳ್ಳಕ್ಕೆ ಅಡ್ಡಲಾಗಿ ಮಾತ್ರ ಕಟ್ಟಬೇಡಿ, ಮೊದಲ ಜೋರು ಮಳೆಗೇ ಕಿತ್ತುಹೋಗುತ್ತದೆ. ಗೇಟಿನಲ್ಲಿ ಐವತ್ತು ಅಡಿ ಉದ್ದಕ್ಕೆ ದಪ್ಪ ಜಲ್ಲಿ ಹಾಸಿದರೆ ಟಿಪ್ಪರ್ ಚಕ್ರದ ಕೆಸರು ರಸ್ತೆಗೆ ಬರುವುದು ಕಡಿಮೆ. ಪಾಯದಲ್ಲಿ ನಿಂತ ನೀರನ್ನು ರಾತ್ರಿ ಮೋಟಾರು ಹಚ್ಚಿ ಚರಂಡಿಗೆ ಬಿಡುವ ಮೇಸ್ತ್ರಿಗಳ ಜಾಣತನ ನಿಮಗೂ ಗೊತ್ತಿರಬೇಕು. ಅದು ಮೊದಲು ಕೊಳದಲ್ಲಿ ತಿಳಿಯಾಗಲಿ. ಕಾಂಕ್ರೀಟ್ ಲಾರಿ ತೊಳೆದ ನೀರು ತೀವ್ರ ಕ್ಷಾರ. ಅದಕ್ಕೆ ಪ್ಲಾಸ್ಟಿಕ್ ಹಾಸಿದ ಬೇರೆಯೇ ಗುಂಡಿ.

ನಮ್ಮ ನಿಯಮಗಳ ಕಣ್ಣೆಲ್ಲ, ಕಟ್ಟಿ ಮುಗಿಸಿದ ಕಟ್ಟಡದ ಮೇಲೆ. ಬೆಂಗಳೂರಿನಲ್ಲಿ ಚಾವಣಿಯ ಚದರ ಮೀಟರಿಗೆ 60 ಲೀಟರ್ ಮಳೆನೀರು ಹಿಡಿಯಬೇಕು. 2015ರ ಮಹಾಯೋಜನೆಯಂತೆ ಮಳೆನೀರು ಒಯ್ಯುವ ರಾಜಕಾಲುವೆಯ ನಡುವಿನಿಂದ ದರ್ಜೆಗನುಗುಣವಾಗಿ 50, 25, 15 ಮೀಟರ್ ಜಾಗ ಕಟ್ಟದೆ ಬಿಡಬೇಕು. ಒಳ್ಳೆಯದೇ. ಆದರೆ ಕಟ್ಟುವಾಗ ನೆಲ ಬೋಳಾಗಿದ್ದ ಎರಡು ಮಳೆಗಾಲದಲ್ಲಿ ಏನು ಹರಿದುಹೋಯಿತೆಂದು ಕೇಳಿದವರು ಯಾರು? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಎಲ್ಲರ ಬಾಯಲ್ಲೂ ಒತ್ತುವರಿಯದೇ ಮಾತು. ಹೂಳು ಯಾರ ಸೈಟಿನದೆಂಬ ಪ್ರಶ್ನೆ ಏಳಲೇ ಇಲ್ಲ. ನಾಲ್ಕು ಅಡಿ ಆಳದ ಚರಂಡಿಯಲ್ಲಿ ಎರಡು ಅಡಿ ಹೂಳು ಕೂತರೆ ಅದು ಒಯ್ಯುವ ನೀರು ಅರ್ಧಕ್ಕಿಂತಲೂ ಕಡಿಮೆ. ಆಮೇಲೆ ಹೂಳೆತ್ತುವ ಟೆಂಡರು, ಎತ್ತಿದ್ದನ್ನು ದಡದಲ್ಲೇ ಗುಡ್ಡೆ ಹಾಕುವುದು, ಮುಂದಿನ ಮಳೆಗೆ ಅದು ಮರಳಿ ಚರಂಡಿಗೇ. ಈ ಖರ್ಚು ಯಾರ ಜೇಬಿನದು, ಸ್ವಾಮಿ?

ನಿಮಗೆ ಇನ್ನೂ ಸಮಯವಿದೆ. ಮೂರು ಎಕರೆಯನ್ನೂ ಒಟ್ಟಿಗೆ ಬೋಳಿಸಬೇಡಿ. ರಸ್ತೆ ಹಾಯುವ ಪಟ್ಟಿಯನ್ನಷ್ಟೇ ಮೊದಲು ಬೋಳಿಸಿ. ತಗ್ಗಿನ ಮೂಲೆಯಲ್ಲಿ ಕೊಳ, ಕೆಳಬದಿಗೆ ಬೇಲಿ, ಆಮೇಲೆ ಜೆಸಿಬಿ. ಎರಡು ವಾರ ಕೈ ಹಾಕದೆ ಬಿಡುವ ಜಾಗಕ್ಕೆ ಒಣಹುಲ್ಲು ಹೊದಿಸಿ ಹುರುಳಿ ಚೆಲ್ಲಿ. ಏಪ್ರಿಲ್‌ನ ಗುಡುಗು ಮಳೆ ಬರುವಷ್ಟರಲ್ಲಿ ಇಷ್ಟು ಮುಗಿದಿರಲಿ.