ಮೊಸಳೆ ಹಿಡಿಯುವ ಶೂರರು

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಮೊಸಳೆಯ ಬೆನ್ನೇರಿ ಬಾಯಿ ಕಟ್ಟುವವರ ವೀಡಿಯೊ ನೋಡಿದೆ. ಎಂಥ ಗಂಡೆದೆ! ಇಂಥವರಿದ್ದೂ ಅಲ್ಲಿ ಮೊಸಳೆಗೆ ಜನ ಬಲಿಯಾಗುವುದೇಕೆ? ಎಲ್ಲವನ್ನೂ ಹಿಡಿದು ದೂರ ಬಿಡಬಾರದೇ? ಇಲ್ಲವೇ ಗುಂಡಿಕ್ಕಬಾರದೇ?
– ಓದುಗರೊಬ್ಬರು, ದಾಂಡೇಲಿ

ಉತ್ತರ: ಕಾಳಿ ನದಿಯ ಮೊಸಳೆಗಳನ್ನು ದಿನವೂ ಕಾಣುವ ಊರಿನವರು ನೀವು. ವೀಡಿಯೊ ನೋಡಿ ಇಷ್ಟು ಮರುಳಾದಿರಲ್ಲ ಎಂದು ಬೇಸರವಾಯಿತು.

ದೂರ ಬಿಡುವ ಪ್ರಯೋಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ನಡೆದಿದೆ. ಅಲ್ಲಿನ ಕೇಪ್ ಯಾರ್ಕ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯ ಮೊಸಳೆಯೊಂದಕ್ಕೆ ಉಪಗ್ರಹ ಸಾಧನ ಕಟ್ಟಿ, ಹೆಲಿಕಾಪ್ಟರಿನಲ್ಲಿ ಪೂರ್ವ ಕರಾವಳಿಗೆ ಒಯ್ದು ಬಿಟ್ಟರು. ಅದು ಭೂಶಿರವನ್ನೇ ಬಳಸಿಕೊಂಡು 400 ಕಿ.ಮೀ.ಗೂ ಹೆಚ್ಚು ಈಜಿ, 20 ದಿನಗಳಲ್ಲಿ ತನ್ನ ಹೊಳೆಗೆ ಮರಳಿತು! ಇನ್ನು ಪಕ್ಕದ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಫಿನಿಸ್ ನದಿಯಲ್ಲಿ ದೋಣಿಗಳ ಮೇಲೆರಗುತ್ತಿದ್ದ 5.1 ಮೀಟರಿನ ‘ಸ್ವೀಟ್‌ಹಾರ್ಟ್’ ಎಂಬ ಮೊಸಳೆಯನ್ನು 1979ರಲ್ಲಿ ಜೀವಂತ ಸಾಗಿಸಲು ಹೊರಟರು. ಹಿಡಿಯುವಾಗಲೇ ಅದು ನೀರಲ್ಲಿ ಮುಳುಗಿ ಸತ್ತಿತು. ಈಗ ಆ ಪ್ರಾಂತ್ಯದ ರಾಜಧಾನಿ ಡಾರ್ವಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ನಿಜವಾದ ಕೆಲಸ ಸದ್ದಿಲ್ಲದ್ದು. ಡಾರ್ವಿನ್ ಬಂದರಿನಲ್ಲಿ ರೇಂಜರ್‌ಗಳು ಮಾಂಸ ಕಟ್ಟಿದ ಬೋನುಗಳನ್ನಿಟ್ಟು, ಸಿಕ್ಕ ಮೊಸಳೆಯ ಬಾಯಿಗೆ ಹಗ್ಗ ಬಿಗಿದು ಒಯ್ಯುತ್ತಾರೆ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು. ಯಾರೂ ಬೆನ್ನೇರಿ ಕ್ಯಾಮೆರಾಕ್ಕೆ ಮುಖ ತೋರಿಸುವುದಿಲ್ಲ.

ಮಗುವನ್ನು ಕಳೆದುಕೊಂಡವರು ಗುಂಡಿಕ್ಕಿ ಎಂದರೆ ನಾನು ಎದುರು ಮಾತಾಡಲಾರೆ. ಆದರೆ ಗುಂಡಿನ ಕಾಲವೂ ಆಗಿಹೋಗಿದೆ. ಚರ್ಮದ ವ್ಯಾಪಾರದಿಂದಾಗಿ ನಾರ್ದರ್ನ್ ಟೆರಿಟರಿಯಲ್ಲಿ ಉಳಿದದ್ದು ಸುಮಾರು 3,000 ಮೊಸಳೆ. 1971ರಲ್ಲಿ ಬೇಟೆ ನಿಂತಿತು. ಇಂದು ಸುಮಾರು ಒಂದು ಲಕ್ಷ ಇವೆ. ಇಷ್ಟನ್ನು ಹೊಳೆಯಂಚಿನವರು ಹೇಗೆ ಸಹಿಸಿಕೊಂಡರು? ನನ್ನ ಮನಸ್ಸನ್ನು ಗೆದ್ದದ್ದು ಇದೇ ಭಾಗ. ಗೂಡಿನ ಮೊಟ್ಟೆಗಳಲ್ಲಿ ಬಹುಪಾಲು ಹೇಗೂ ಮಳೆಗಾಲದ ನೆರೆಗೆ ಹಾಳಾಗುತ್ತವೆ. ಅವುಗಳಲ್ಲೊಂದು ಪಾಲನ್ನು ಪರವಾನಗಿ ಪಡೆದು ಮೊಸಳೆ ಸಾಕಣೆ ಕೇಂದ್ರಗಳಿಗೆ ಒಯ್ಯುತ್ತಾರೆ. ನೆಲದ ಒಡೆಯರಿಗೆ, ಅಂದರೆ ಎಷ್ಟೋ ಕಡೆ ಮೂಲನಿವಾಸಿ ಸಮುದಾಯಗಳಿಗೆ, ಹಣ ಸಲ್ಲುತ್ತದೆ. ಗೂಡಿದ್ದರೆ ಆದಾಯ, ಹೊಳೆಯಂಚಿನ ಜೌಗು ಉಳಿದರೆ ಗೂಡು. ಅದರೊಟ್ಟಿಗೆ ಶಾಲೆಯಲ್ಲೂ ದೋಣಿಕಟ್ಟೆಯಲ್ಲೂ ಒಂದೇ ಪಾಠ: ನೀರಿನಂಚಿಗೆ ಹೋಗಬೇಡಿ, ಮೀನಿನ ತ್ಯಾಜ್ಯ ಅಲ್ಲಿ ಎಸೆಯಬೇಡಿ.

ನಮ್ಮಲ್ಲೋ? ಕಾಡಂಚಿನವನ ಪಾಲಿಗೆ ಬರುವುದು ತುಳಿದ ಬೆಳೆ, ಸತ್ತ ದನ, ಮೇಲೊಂದು ಪರಿಹಾರದ ಅರ್ಜಿ. ಚಿರತೆ ಬೋನಿಗೆ ಬಿದ್ದರೆ ಸುತ್ತ ನೂರು ಮೊಬೈಲು. ಯೋಜನೆ ಬರೆಯುವವರು ಅವನನ್ನು ಒಂದು ಮಾತೂ ಕೇಳುವುದಿಲ್ಲ. ವರ್ಷಗಳಿಂದ ಈ ಪುಟದಲ್ಲಿ ಬರೆಯುತ್ತಿದ್ದೇನೆ, ಮುಂದೆಯೂ ಬರೆಯುತ್ತೇನೆ.

ನೀವು ಬರೆಯಬಲ್ಲವರು. ಕಾಳಿ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನೂ ಮೀನು ಹಿಡಿಯುವವರನ್ನೂ ಮಾತಾಡಿಸಿ, ಅವರು ಮೊಸಳೆಯೊಡನೆ ಹೇಗೆ ಬಾಳುತ್ತಿದ್ದಾರೆಂದು ಬರೆದು ಕಳಿಸಿ. ಎರಡು ಪುಟ ನಿಮಗಾಗಿ ಕಾದಿರಿಸುತ್ತೇನೆ.
– ಸಂ.