ಸಮವಸ್ತ್ರ ಹೊಲಿಯುವ ಘಟಕಕ್ಕೆ ಶೇ. 3ರ ಪಾಲು: ಪ್ರತಿಕ್ರಿಯೆ

ಕಾರವಾರದಲ್ಲಿ ಸಮವಸ್ತ್ರ ಹೊಲಿಯುವ ನಿಮ್ಮ ಘಟಕಕ್ಕೆ ಉದ್ಯಮ್ ನೋಂದಣಿ (ಕಿರು, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ನೀಡುವ ನೋಂದಣಿ) ಇದ್ದರೆ, ಕೇಂದ್ರ ಸರ್ಕಾರದ ಉದ್ದಿಮೆಯಾದ ಕೈಗಾ ಅಣುಸ್ಥಾವರದ ಖರೀದಿಯಲ್ಲಿ ಮಹಿಳೆಯರ ಒಡೆತನದ ಘಟಕಗಳಿಗಿರುವ ಶೇ. 3ರ ಪಾಲು ತಾನಾಗಿಯೇ ದೊರೆಯುತ್ತದೆಯೇ ಎಂದು ಕೇಳಿದ್ದೀರಿ. ದೊರೆಯುವುದಿಲ್ಲ. ಕೇಂದ್ರದ 2012ರ ಖರೀದಿ ನೀತಿಗೆ 2018ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರದ ಇಲಾಖೆಗಳೂ ಉದ್ದಿಮೆಗಳೂ ವಾರ್ಷಿಕ ಖರೀದಿಯ ಕನಿಷ್ಠ ಶೇ. 25ನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಪಡೆಯಬೇಕು, ಶೇ. 3 ಅದರೊಳಗೇ ಸೇರಿದೆ. ಅದು ಸಂಸ್ಥೆಯ ಇಡೀ ವರ್ಷದ ಲೆಕ್ಕವೇ ಹೊರತು, ಪ್ರತಿ ಟೆಂಡರಿನಲ್ಲೂ ತೆಗೆದಿಟ್ಟ ಪಾಲಲ್ಲ.

ನನ್ನ ಅಭಿಪ್ರಾಯದಲ್ಲಿ ನಿಮಗೆ ಹೆಚ್ಚು ಉಪಯೋಗವಾಗುವುದು ಅದೇ ನೀತಿಯ ಬೇರೆ ಸೌಲಭ್ಯಗಳು. ಟೆಂಡರ್ ದಾಖಲೆ ಉಚಿತವಾಗಿ ಸಿಗುತ್ತದೆ, ಟೆಂಡರಿನೊಂದಿಗೆ ಕಟ್ಟಬೇಕಾದ ಮುಂಗಡ ಠೇವಣಿಯಿಂದ ವಿನಾಯಿತಿಯಿದೆ. ಅತಿ ಕಡಿಮೆ ದರ ದೊಡ್ಡ ಕಂಪನಿಯದಾಗಿದ್ದು, ನಿಮ್ಮ ದರ ಅದಕ್ಕಿಂತ ಶೇ. 15ರೊಳಗೆ ಮಾತ್ರ ಹೆಚ್ಚಿದ್ದರೆ, ಅದೇ ದರಕ್ಕೆ ಇಳಿದು ಒಂದು ಭಾಗವನ್ನು ಪೂರೈಸುವ ಅವಕಾಶವೂ ದೊರೆಯುತ್ತದೆ.

ಯಜಮಾನರೊಂದಿಗೆ ಪಾಲುದಾರಿಕೆಯಿದೆ ಎಂದಿದ್ದೀರಿ. ಹಾಗಿದ್ದರೆ ಮಹಿಳೆಯರ ಪಾಲು ಕನಿಷ್ಠ ಶೇ. 51 ಇರಲೇಬೇಕಾದ್ದರಿಂದ, ಅರ್ಧರ್ಧ ಎಂದು ಬರೆದ ಪಾಲುದಾರಿಕೆ ಪತ್ರ ನಿಮ್ಮನ್ನು ಈ ಶೇ. 3ರಿಂದ ಹೊರಗಿಡುತ್ತದೆ. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲಿನಲ್ಲಿ ಮಾರಾಟಗಾರರಾಗಿ ನೋಂದಾಯಿಸುವ ಮೊದಲೇ ಅದನ್ನು ತಿದ್ದಿಸಿಕೊಳ್ಳಿ. ಜಿಲ್ಲಾ ಪಂಚಾಯತಿಯ ಟೆಂಡರುಗಳಿಗೆ ಈ ಕೇಂದ್ರ ನೀತಿ ಅನ್ವಯಿಸದು. ಅವು ರಾಜ್ಯದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತವೆ.